ಹದಿನೇಳು ಗುಂಡಿ, ಒಂದೂ ಒದ್ದೆಯಿಲ್ಲ

ಕೋಡಿಯಲ್ಲಿ ಯಾರ ಗಂಟಲಿಗಾದರೂ ಮೀನಿನ ಮುಳ್ಳು ಸಿಕ್ಕಿದರೆ ಅವರು ಕುಂದಾಪುರ ಪೇಟೆಗೆ ಓಡುತ್ತಿರಲಿಲ್ಲ, ತಿಮ್ಮನ ಅಂಗಳಕ್ಕೆ ಓಡುತ್ತಿದ್ದರು. ತಿಮ್ಮ ನಲವತ್ತು ವರ್ಷ ಕಡಲಿಗೆ ಹೋದವನು. ಈಗ ದೋಣಿ ಬಿಟ್ಟು ಮನೆಯಲ್ಲೇ ಬಲೆ ಹೊಲಿಯುತ್ತಾನೆ, ಆದರೆ ಮುಳ್ಳು ಬಿಡಿಸುವ ಕೆಲಸ ಬಿಟ್ಟಿರಲಿಲ್ಲ. ಅನ್ನವನ್ನು ಅಂಗೈಯಲ್ಲಿ ಹಿಸುಕಿ ಹಿಸುಕಿ ಕಲ್ಲಿನಂಥ ಉಂಡೆ ಮಾಡುವುದು, "ಜಗಿಬೇಡ, ನುಂಗ್" ಎಂದು ಬಾಯಿಗೆ ತುರುಕುವುದು, ಬೆನ್ನಿಗೊಂದು ಗುದ್ದು ಕೊಡುವುದು. ಆ ಗುದ್ದಿನ ಸದ್ದಿಗೆ ಆಚೆ ದಡದ ಗಂಗೊಳ್ಳಿಯಲ್ಲಿ ಮಲಗಿದ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಗುದ್ದು ತಿಂದವನಿಗೆ ಮುಳ್ಳು ಹೋಯಿತೋ ಇಲ್ಲವೋ, ಮುಳ್ಳಿನ ನೆನಪಂತೂ ಹೋಗುತ್ತಿತ್ತು. ಒಂದು ಲಕ್ಷ ಮುಳ್ಳು ತೆಗೆದಿದ್ದಾನೆ ಎಂದು ಊರವರ ಲೆಕ್ಕ. ಒಂದೂವರೆ ಲಕ್ಷ ಎಂದು ತಿಮ್ಮನ ಲೆಕ್ಕ.

ಅವನ ಮನೆಯಲ್ಲಿ ಒಂದು ಬೆಕ್ಕಿತ್ತು. ಬೆಕ್ಕು ಎನ್ನುವುದು ಬಾಯಿಮಾತಿಗೆ. ನೋಡಿದವರು ಮೊದಲು ಕೈ ಮುಗಿದು, ಆಮೇಲೆ ಬೆಕ್ಕು ಎಂದು ಗೊತ್ತಾಗಿ ಕೈ ಇಳಿಸುತ್ತಿದ್ದರು. ಕೆಂಚು ಬಣ್ಣ, ತೆಂಗಿನಕಾಯಿಯಂಥ ತಲೆ, ಹೊಟ್ಟೆ ನೆಲ ಗುಡಿಸುವಷ್ಟು ಮೈ. ದೋಣಿಯಲ್ಲಿ ಎಲ್ಲರನ್ನೂ ಆಳುವ ಯಜಮಾನನಿಗೆ ತಾಂಡೇಲ ಅನ್ನುತ್ತಾರಲ್ಲ, ಅದೇ ಹೆಸರು ಇದಕ್ಕೆ ಬಿತ್ತು. ತಿಮ್ಮನ ಹೆಂಡತಿ ಬಾಗಿ ಅಂಗಳದಲ್ಲಿ ಬಲೆ ಹಾಸಿ ಬಂಗುಡೆ ಮೀನು ಒಣಗಿಸಿದರೆ, ತಾಂಡೇಲ ಮೂಲೆಯಲ್ಲಿ ಕೂತು ಒಂದು ಕಣ್ಣು ಬಿಡುತ್ತಿದ್ದ. ಅಷ್ಟಕ್ಕೇ ಕಾಗೆಗಳು ತಲ್ಲೂರಿನ ಕಡೆ ಹಾರಿಹೋಗುತ್ತಿದ್ದವು. ಎರಡೂ ಕಣ್ಣು ಬಿಟ್ಟ ದಿನ ಹದ್ದು ಕೂಡ ಬೇರೆ ಜಿಲ್ಲೆಗೆ ಹೋಗುತ್ತಿತ್ತು. ಈ ಕಾವಲಿಗೆ ಅವನಿಗೆ ಸಂಬಳ ಒಣಮೀನು. ಬೆಳಗ್ಗೆ ಒಣಮೀನು, ಮಧ್ಯಾಹ್ನ ಒಣಮೀನು, ರಾತ್ರಿ ಬೇಸರವಾದರೆ ಇನ್ನೊಂದು ಒಣಮೀನು. ನೀರಿನ ಚಿಪ್ಪನ್ನು ಅವನು ಮೂಸಿ ನೋಡಿ ನಡೆದುಬಿಡುತ್ತಿದ್ದ.

ಮಕ್ಕಳೆಲ್ಲ ಮದುವೆಯಾಗಿ ಅವರವರ ಮನೆಯಲ್ಲಿದ್ದರು. ಬಾಗಿ ದಿನವಿಡೀ ಮಾತಾಡುತ್ತಿದ್ದುದು ತಾಂಡೇಲನ ಜೊತೆ. ತಿಮ್ಮ ಅದಕ್ಕೆ ನಗುತ್ತಿದ್ದ. ತಾನೂ ಬಲೆ ಹೊಲಿಯುವಾಗ ತಾಂಡೇಲನಿಗೆ ನಲವತ್ತು ವರ್ಷದ ಕಡಲಿನ ಕಥೆ ಹೇಳುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಷ್ಟು ಕಥೆಯನ್ನು ನಡುವೆ ಎದ್ದು ಹೋಗದೆ ಕೇಳಿದ ಪ್ರಾಣಿ ಈ ಭೂಮಿಯ ಮೇಲೆ ಅದೊಂದೇ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಬಾಗಿ ಕೂಗಿದಳು. ಕೂಗಿದ್ದು ಕೇಳಿ ಕಡಲಿನ ತೆರೆ ಒಂದು ಕ್ಷಣ ತಡೆದು ನಿಂತಿತು.

"ಹ್ವಾಯ್! ಬನ್ನಿ ಇಲ್ಲ್! ಕಾಕಿ ಮೀನೆಲ್ಲ ಹೊತ್ಕಂಡ್ ಹೋತ್ತ್! ತಾಂಡೇಲ ಎದ್ದೇ ಬತ್ತಿಲ್ಲೆ!"

ತಿಮ್ಮ ಬಂದು ನೋಡಿದ. ಬಲೆಯ ಮೇಲೆ ಕಾಗೆಗಳ ಮದುವೆ ಊಟ ನಡೆದಿತ್ತು. ತಾಂಡೇಲ ಅಂಗಳದ ಆಚೆ ತುದಿಯಲ್ಲಿ ಮರಳು ಕೆದಕಿ, ಕೂತು, ಮೈ ಬಿಗಿದು ತಿಣುಕುತ್ತಿದ್ದ. ಎದ್ದ. ಎರಡು ಹೆಜ್ಜೆ ಹೋಗಿ ಮತ್ತೆ ಕೆದಕಿ ಕೂತ. ಹಿಂದಿನ ಕಾಲಿನ ನಡುವೆ ನೆಕ್ಕಿಕೊಂಡ. ಆಮೇಲೆ ಒಂದು ಸಲ ಕೂಗಿದ. ಹದ್ದನ್ನು ಓಡಿಸುತ್ತಿದ್ದ ಗಂಟಲಿನಿಂದ ಹಸುಗೂಸಿನಂಥ ದನಿ ಬಂತು.

ತಿಮ್ಮ ತಡಮಾಡಲಿಲ್ಲ. "ಮುಳ್ಳ್!" ಎಂದ.

"ಮುಳ್ಳ್ ಸಿಕ್ರೆ ಗಂಟ್ಲ್ ಕೆರ್ಕಣ್ಕ್ ಅಲ್ದಾ? ಇದ್ ಹಿಂದ್ ಬದಿಯಂಗೆ ತಿಣ್ಕ್ತಿತ್ತಲೆ?" ಎಂದಳು ಬಾಗಿ.

"ಮುಳ್ಳ್ ಗಂಟ್ಲ್ ದಾಟಿತ್ತ್. ಹೊಟ್ಟಿ ದಾಟಿತ್ತ್. ಈಗ ಹಿಂದಿನ್ ಬಾಗ್ಲಂಗೆ ಅಡ್ಡ ಕೂತಿತ್ತ್. ಒಂದೂವರೆ ಲಕ್ಷ ಮುಳ್ಳ್ ತೆಗ್ದವ ನಾನೋ ನೀನೋ?"

ಕೋಡಿಯಲ್ಲಿ ಇದು ತಿಮ್ಮನೊಬ್ಬನ ತಪ್ಪಲ್ಲ. ಮೀನು ಹಿಡಿದು, ಮೀನು ಒಣಗಿಸಿ, ಮೀನು ತಿಂದು ಬದುಕುವ ಊರಿನಲ್ಲಿ ಬೆಕ್ಕು ಉಣ್ಣದಿದ್ದರೆ ಮುಳ್ಳು, ವಾಂತಿ ಮಾಡಿದರೆ ಮುಳ್ಳು, ಮೂಲೆ ಹಿಡಿದರೆ ಮುಳ್ಳು. ಎಷ್ಟು ಬೆಕ್ಕುಗಳು ಮುಳ್ಳಿನ ಹೆಸರಿನಲ್ಲಿ ಬೇರೆ ರೋಗದಿಂದ ಸತ್ತವೋ, ಯಾರೂ ಎಣಿಸಿಲ್ಲ.

ತಿಮ್ಮ ಉಂಡೆ ಮಾಡಿದ. ತುಪ್ಪ ಹಚ್ಚಿದ. ತಾಂಡೇಲ ಬಾಯಿ ತೆರೆಯಲಿಲ್ಲ. ತೆರೆಸಿ ಹಾಕಿದ್ದಕ್ಕೆ ಅರೆಕ್ಷಣದಲ್ಲಿ ಉಂಡೆಯೂ ಹಳದಿ ನೀರೂ ಹೊರಗೆ ಬಂದವು. ಬಾಗಿ ಒಳಗಿನಿಂದ ಜ್ವರದ ಗುಳಿಗೆ ಹಿಡಿದುಕೊಂಡು ಬಂದಳು. ತಿಮ್ಮ, "ಗುಳಿಗಿ ಬ್ಯಾಡ, ಹೊಟ್ಟಿ ನೀವಿ ಕೆಳ್ಗ್ ತಳ್ಳ್ತೆ" ಎಂದು ತೋಳು ಮಡಚಿದ.

"ತಿಮ್ಮಣ್ಣ! ಕೈ ತೆಗಿನಿ! ಹೊಟ್ಟಿ ಒತ್ತುಕಾಗ!"

ಬೇಲಿಯ ಆಚೆಯಿಂದ ಓಡಿ ಬಂದವಳು ಧನ್ಯಶ್ರೀ. ಪಕ್ಕದ ಮನೆಯ ಸೊಸೆ, ಸ್ವಸಹಾಯ ಸಂಘದ ಸದಸ್ಯೆ, ತರಬೇತಿ ಪಡೆದು ಊರಿನ ಪಶುಸಖಿಯಾಗಿದ್ದಳು. ದನ, ಆಡು, ಕೋಳಿಗೆ ಸೌಖ್ಯ ತಪ್ಪಿದರೆ ಮೊದಲು ಬಂದು ನೋಡಿ, ಡಾಕ್ಟರಿಗೆ ತಿಳಿಸುವ ಕೆಲಸ.

"ಹೆಣೆ, ನೀನ್ ದನಿನ್ ಬದಿಯವ್ಳ್. ಮುಳ್ಳಿನ್ ವಿಷ್ಯ ನಿಂಗೆಂತ ಗೊತ್ತಿತ್ತ್?" ಎಂದ ತಿಮ್ಮ.

"ಮುಳ್ಳಿನ್ ವಿಷ್ಯ ನಿಮ್ಗೇ ಇರ್ಲಿ. ನಾ ಒಂದೇ ಮಾತ್ ಕೇಂಬುದ್. ತಾಂಡೇಲ ಉಚ್ಚಿ ಹೊಯ್ದದ್ ಯಾವತ್ತ್ ಕಂಡಿದ್ರಿ?"

ತಿಮ್ಮ ನಕ್ಕ. ಬಾಗಿಯೂ ನಕ್ಕಳು. ಕೋಡಿಯಲ್ಲಿ ಬೆಕ್ಕು ಉಚ್ಚೆ ಹೊಯ್ಯುವುದನ್ನು ಯಾರು ನೋಡುತ್ತಾರೆ? ಮನೆಯ ಮುಂದೆ ಮರಳು, ಹಿಂದೆ ಮರಳು, ಕಡಲಿನವರೆಗೂ ಮರಳು. ಬೆಕ್ಕಿಗೆ ದೇವರು ಕಟ್ಟಿಸಿಕೊಟ್ಟ ಏಳು ಮೈಲಿ ಉದ್ದದ ಪಾಯಿಖಾನೆ. ಹೊಯ್ದದ್ದನ್ನು ಮರಳು ಕುಡಿದು ಮುಗಿಸುತ್ತದೆ, ಮಿಕ್ಕಿದ್ದನ್ನು ಬೆಕ್ಕೇ ಮುಚ್ಚಿಹಾಕುತ್ತದೆ.

"ನಗ್ಬೇಡಿ. ಬನ್ನಿ, ಅದ್ ಬೆಳಿಗ್ಗಿಂದ ತೋಡಿದ್ ಗುಂಡಿ ಎಲ್ಲ ಕಾಂಬ."

ಮೂವರೂ ಅಂಗಳ ಸುತ್ತಿದರು. ತಾಂಡೇಲನ ದೊಡ್ಡ ಪಂಜದ ಗುಂಡಿಗಳನ್ನು ಗುರುತಿಸುವುದು ಕಷ್ಟವಿರಲಿಲ್ಲ, ಒಂದೊಂದರಲ್ಲೂ ತೆಂಗಿನ ಸಸಿ ನೆಡಬಹುದಿತ್ತು. ಧನ್ಯಶ್ರೀ ಒಂದೊಂದಕ್ಕೂ ಕಡ್ಡಿ ಚುಚ್ಚಿ ಮರಳು ಎತ್ತಿ ತೋರಿಸಿದಳು. ಒಣ. ಎರಡನೆಯದು ಒಣ. ಐದು, ಒಂಬತ್ತು, ಹನ್ನೆರಡು, ಎಲ್ಲಾ ಒಣ. ಹದಿನೇಳು ಗುಂಡಿ ಸಿಕ್ಕಿದವು. ಒಂದೂ ಒದ್ದೆಯಿರಲಿಲ್ಲ. ಬಾವಿಕಟ್ಟೆಯ ಸಿಮೆಂಟಿನ ಮೇಲೆ ಮಾತ್ರ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಇತ್ತು.

"ಹದಿನೇಳ್ ಸಲ ಕೂತಿತ್ತ್, ಒಂದ್ ಹನಿ ಬರ್ಲಿಲ್ಲೆ. ಮುಳ್ಳಾದ್ರೆ ಉಚ್ಚಿ ಎಂತಕೆ ನಿಲ್ತ್, ತಿಮ್ಮಣ್ಣ?"

ಒಂದೂವರೆ ಲಕ್ಷ ಮುಳ್ಳಿನಲ್ಲಿ ಒಂದು ಮುಳ್ಳೂ ತಿಮ್ಮನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಅವನು ಮಡಚಿದ ತೋಳು ಇಳಿಸಿದ.

"ಗಂಡ್ ಬೆಕ್ಕಿಂದ್ ಉಚ್ಚಿ ಹೋಪ ದಾರಿ ಭಾರಿ ಸಪೂರ. ಒಳಗೆ ಮರಳಿನಂಥದ್ ಆಯಿ, ಇಲ್ದಿದ್ರೆ ಒಳಗೇ ಬಾತ್ಕಂಡ್, ದಾರಿ ಮುಚ್ಚಿ ಹೋತ್ತ್. ವಿಷ ಹೊರಗ್ ಬಪ್ಪುಕಿಲ್ಲೆ, ರಕ್ತಕ್ಕೆ ಸೇರ್ತ್. ಪೂರ್ತಿ ಕಟ್ರೆ ಒಂದೆರಡ್ ದಿನದಗೆ ಜೀವ ಹೋತ್ತ್. ಇದ್ ಯಾವಾಗಿಂದ?"

ಬಾಗಿಯ ಕೈಯಿಂದ ಗುಳಿಗೆ ಬಿತ್ತು. "ನಿನ್ನೆ ಬೆಳಿಗ್ಗೆಯೇ ಬೂದಿ ರಾಶಿ ಮೇಲೆ ಕೂತ್ ತಿಣ್ಕ್ತಿತ್ತ್ ಕಾಣ್. ನಾ ಹೊಟ್ಟಿ ಕಟ್ಟಿತ್ತ್ ಅಂದ್ಕಂಡ್ ಬೈದೆ."

"ಹಾಂಗಾರೆ ಒಂದ್ ದಿನ ಆಯಿತ್ತ್. ಈಗ್ಲೇ ಹೋಯ್ಕ್."

"ಊಟ ಮಾಡ್ಕಂಡ್ ಹೋಪ" ಎಂದ ತಿಮ್ಮ, ದನಿ ಸಣ್ಣದಾಗಿತ್ತು.

"ನೀವ್ ಉಂಡ್ ಕೈ ತೊಳುದ್ರೊಳ್ಗೆ ಅದ್ ಇರತ್ತಾ ಕಾಣಿ" ಎಂದಳು ಧನ್ಯಶ್ರೀ. ಆಗಲೇ ಫೋನಿನಲ್ಲಿ ಪಶುವೈದ್ಯರಿಗೆ ಹೇಳುತ್ತಿದ್ದಳು, ಗಂಡು ಬೆಕ್ಕು, ಒಂದು ದಿನದಿಂದ ಮೂತ್ರವಿಲ್ಲ, ಈಗ ವಾಂತಿ ಎಂದು.

ಮೀನಿನ ಕ್ರೇಟಿಗೆ ಮೈ ಒರೆಸುವ ಬೈರಾಸು ಹಾಸಿ ತಾಂಡೇಲನನ್ನು ಮಲಗಿಸಿ ಮೇಲೆ ತುಂಡು ಬಲೆ ಕಟ್ಟಿದರು. ಬೇರೆ ದಿನವಾದರೆ ಅವನನ್ನು ಕ್ರೇಟಿಗೆ ಇಳಿಸಲು ಒಂದು ದೋಣಿಯ ಜನ ಬೇಕಿತ್ತು. ಇವತ್ತು ಅವನು ಸುಮ್ಮನೆ ಮಲಗಿದ. ಅದನ್ನು ನೋಡಿದ ತಿಮ್ಮ ತಾನೇ ಕ್ರೇಟು ಎತ್ತಿಕೊಂಡು ರಸ್ತೆಗೆ ನಡೆದ.

ಧನ್ಯಶ್ರೀ ಕರೆಸಿದ ಚಂದ್ರನ ರಿಕ್ಷಾ ಬಂತು. ದಾರಿಯಲ್ಲಿ ಬಲೆ ಎಳೆಯುತ್ತಿದ್ದ ಕಿಟ್ಟ ಕೂಗಿದ. "ಎಂತ ತಿಮ್ಮಣ್ಣ, ಬೆಕ್ಕಿಗೆ ಆಸ್ಪತ್ರಿಯಾ? ಇನ್ನ್ ಕಾಕಿಗೆ ಕನ್ನಡ್ಕ ಮಾಡ್ಸ್ತ್ರ್ಯಾ? ಮುಳ್ಳ್ ತೆಗುಕೆ ನಿಮ್ಗೇ ಆಯ್ಲಿಲ್ಲ್ಯಾ?"

ಸುತ್ತಲಿದ್ದವರು ನಕ್ಕರು. ಬೇರೆ ದಿನವಾದರೆ ತಿಮ್ಮ ಇಳಿದು ಹೋಗಿ ಕಿಟ್ಟನ ಏಳು ತಲೆಮಾರಿನ ದೋಣಿಗಳನ್ನೂ ಮುಳುಗಿಸಿ ಬರುತ್ತಿದ್ದ. ಇವತ್ತು ಚಂದ್ರನ ಭುಜ ತಟ್ಟಿ "ನಡಿ ಮಾರಾಯ" ಎಂದ. ಆಮೇಲೆ ಚಂದ್ರ ಓಡಿಸಿದ ವೇಗಕ್ಕೆ ಸೇತುವೆ ದಾಟುವಾಗ ರಿಕ್ಷಾದ ನೆರಳು ಹಿಂದೆ ಬಿದ್ದು, ಪೇಟೆಯಲ್ಲಿ ಅವರನ್ನು ಹುಡುಕಿಕೊಂಡು ಬಂತು.

ಪಶುವೈದ್ಯೆಯ ಹೆಸರು ಡಾಕ್ಟರ್ ಶ್ರಾವ್ಯ. ಸಾಲಿಗ್ರಾಮದ ಕಡೆಯ ಸಸ್ಯಾಹಾರಿ ಮನೆಯವರು. ತಿಮ್ಮನಿಗೆ ಒಳಗೊಳಗೇ ಸಂಶಯ. ಮನೆಯಲ್ಲಿ ಒಂದು ಬಂಗುಡೆಯನ್ನೂ ಬೇಯಿಸದವರು ಮೀನು ತಿನ್ನುವ ಬೆಕ್ಕನ್ನು ಏನು ನೋಡುತ್ತಾರೆ? ಒಳಗೆ ಹೋದವನೇ, "ಮುಳ್ಳೂ ಇರ್ಲಿಕ್ಕ್ ಸಾಕ್ ಅಮ್ಮ" ಎಂದು ಕೊನೆಯ ಪ್ರಯತ್ನ ಮಾಡಿದ.

ಡಾಕ್ಟರು ತಾಂಡೇಲನ ಹೊಟ್ಟೆಗೆ ಎರಡು ಬೆರಳನ್ನು ಹೂವಿನ ಮೇಲೆ ಇಟ್ಟಂತೆ ಇಟ್ಟರು. ಅವರ ಮುಖ ಬದಲಾಯಿತು.

"ಕಾಣಿ ತಿಮ್ಮಣ್ಣ, ನಿಮ್ ಕೈ ಕೊಡಿ. ಮೆಲ್ಲ. ಒತ್ಬೇಡಿ, ಬರೀ ಮುಟ್ಟಿ."

ತಿಮ್ಮ ಮುಟ್ಟಿದ. ಒಳಗೆ ಕ್ರಿಕೆಟ್ ಚೆಂಡಿನಂಥ ಗಟ್ಟಿ ಗುಂಡು. ಇಷ್ಟು ಮೆತ್ತಗಿನ ಪ್ರಾಣಿಯ ಒಳಗೆ ಇಷ್ಟು ಗಟ್ಟಿ ಏನಿದೆ?

"ಅದ್ ಮೂತ್ರದ ಚೀಲ. ತುಂಬಿ ಬಿಗ್ದ್ ಹೋಯಿತ್ತ್. ನೀವ್ ಮನೆಯಲ್ಲಿ ಒತ್ತಿ ನೀವಿದ್ರೆ ಒಡೀತಿದ್ದಿತ್ತ್."

ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಕಾಲಿನಿಂದ ಚೂರು ರಕ್ತ ತೆಗೆದು ಯಂತ್ರಕ್ಕೆ ಹಾಕಿದರು, ಎದೆಗೆ ತಂತಿ ಅಂಟಿಸಿದರು. ಪರದೆಯ ಮೇಲೆ ಗೆರೆ ಏಳಬೇಕು, ಏಳುತ್ತಿಲ್ಲ, ಎದ್ದರೂ ಸೋಮಾರಿ ತೆರೆಯಂತೆ ತಡವಾಗಿ ಏಳುತ್ತಿತ್ತು.

"ಉಚ್ಚೆಯಲ್ಲಿ ಹೊರಗೆ ಹೋಪ ಪೊಟ್ಯಾಸಿಯಂ ಅನ್ನುವ ಲವಣ ರಕ್ತದಲ್ಲಿ ಏರಿತ್ತ್. ಅದ್ ಏರಿದ್ರೆ ಹೃದಯ ನಿಧಾನ ಆತ್ತ್, ಮತ್ತೆ ನಿಂತೇ ಹೋತ್ತ್. ಮೊದ್ಲ್ ಹೃದಯ ಕಾಯ್ಕ್, ಮತ್ತೆ ದಾರಿ ಬಿಡ್ಸ್ಕ್."

"ಬದ್ಕತ್ತಾ ಅಮ್ಮ?" ಕೇಳಿದ್ದು ಬಾಗಿ ಎಂದುಕೊಂಡು ತಿಮ್ಮ ತಿರುಗಿ ನೋಡಿದ. ಬಾಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೇಳಿದ್ದು ಅವನೇ.

"ಪ್ರಯತ್ನ ಮಾಡುವ. ಸುಳ್ಳ್ ಹೇಳುದಿಲ್ಲೆ, ಈಗ ಹೇಳುಕಾತಿಲ್ಲೆ."

ರಕ್ತನಾಳಕ್ಕೆ ಔಷಧಿ ಹೋಯಿತು, ಡ್ರಿಪ್ ಹತ್ತಿತು. ಡಾಕ್ಟರು ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಒಂದು ಸಣ್ಣ ಕಡ್ಡಿಯಂಥದ್ದನ್ನು ಆಡಿಸಿದರು. ಇನ್ನೊಂದು ಪರದೆಯಲ್ಲಿ ಬೂದುಬಣ್ಣದ ನಡುವೆ ಒಂದು ದೊಡ್ಡ ಕಪ್ಪು ಗುಂಡು ಮೂಡಿತು. ಅದರ ತಳದಲ್ಲಿ ಮಿಣಿಮಿಣಿ ಪುಡಿ ಕೂತಿತ್ತು.

ತಿಮ್ಮ ಮುಂದೆ ಬಾಗಿದ. ಈ ಪರದೆ ಅವನಿಗೆ ಗೊತ್ತು. ಹತ್ತು ವರ್ಷ ಇಂಥದ್ದೊಂದರ ಮುಂದೆ ಕೂತು, ಕಡಲಿನ ಹೊಟ್ಟೆಯಲ್ಲಿ ಮೀನಿನ ಹಿಂಡು ಎಲ್ಲಿದೆ ಎಂದು ಹೇಳಿದವನು.

"ಅಮ್ಮ, ಇದ್ ನಮ್ ದೋಣಿಯ ಫಿಶ್ ಫೈಂಡರ್ ಅಲ್ದಾ?"

"ಅದ್ರ ಅಕ್ಕತಂಗಿ ಕಾಣಿ. ಸದ್ದ್ ಕಳ್ಸತ್ತ್, ತಿರ್ಗಿ ಬಂದ ಸದ್ದನ್ನ ಚಿತ್ರ ಮಾಡ್ತ್. ಅಲ್ಲಿ ಮೀನ್ ಕಾಂತ್, ಇಲ್ಲಿ ಮರಳ್ ಕಾಂತ್. ಆ ಮಿಣುಕುವ ಪುಡಿಯೇ ಇದ್ರ ದಾರಿ ಕಟ್ಟಿದ್ದ್."

ಅರಬ್ಬೀ ಸಮುದ್ರದ ತಳ ನೋಡಿದವನು ತಿಮ್ಮ. ಸಮುದ್ರ ಅವನಿಗೆ ದೊಡ್ಡದೆನಿಸಿರಲಿಲ್ಲ. ಆದರೆ ತನ್ನ ಕಾಲ ಬುಡದಲ್ಲಿ ಮಲಗುತ್ತಿದ್ದ ಬೆಕ್ಕಿನೊಳಗೆ ಕಡಲಿನಷ್ಟೇ ಕಪ್ಪಾದ, ಕಡಲಿನಷ್ಟೇ ಆಳದ ಒಂದು ಲೋಕ ಇದೆಯೆಂದು, ಅದರ ತಳಕ್ಕೂ ಯಾರೋ ಸದ್ದು ಇಳಿಸಿ ನೋಡಬಲ್ಲರೆಂದು ಅವನಿಗೆ ಆ ಗಳಿಗೆಯವರೆಗೆ ಯಾರೂ ಹೇಳಿರಲಿಲ್ಲ. ಅವನು ಕಾಲಿನ ಚಪ್ಪಲಿಯನ್ನು ಮೆಲ್ಲನೆ ಬದಿಗೆ ಬಿಟ್ಟು ನಿಂತ.

ಪರದೆಯ ಗೆರೆ ಸ್ವಲ್ಪ ಚುರುಕಾದ ಮೇಲೆ ಡಾಕ್ಟರು ಮಂಪರಿನ ಮದ್ದು ಕೊಟ್ಟರು. ಒಂದು ನಳಿಗೆ ಹೊರಗೆ ತೆಗೆದರು. ನಳಿಗೆ ಎಂದರೆ ಅದು ನಳಿಗೆಯೇ? ಗಾಳದ ನೈಲಾನ್ ದಾರದ ತಮ್ಮ. ಅದರ ಒಳಗೂ ತೂತು ಇದೆಯಂತೆ! ಅದನ್ನು ಅಕ್ಕಿ ಕಾಳೂ ಹೋಗದ ದಾರಿಯಲ್ಲಿ ಕಳಿಸಬೇಕು. ಒತ್ತಿದರೆ ದಾರಿ ಹರಿಯುತ್ತದೆ. ಒತ್ತದಿದ್ದರೆ ಹೋಗುವುದಿಲ್ಲ.

ಮೊದಲ ಸಲ ಹೋಗಲಿಲ್ಲ. ಉಪ್ಪುನೀರು ಬಿಟ್ಟು, ಕಾದು, ಮತ್ತೆ ನೋಡಿದರು. ಹೋಗಲಿಲ್ಲ. ತಿಮ್ಮ ಕಡಲಿನಲ್ಲಿ ದೊಡ್ಡ ದೊಡ್ಡ ತಾಂಡೇಲರನ್ನು ನೋಡಿದ್ದ. ಬಿರುಗಾಳಿಯಲ್ಲಿ ಬಾಯಿ ಮಾಡುವವರನ್ನು, ದೇವರಿಗೆ ಹರಕೆ ಹೊರುವವರನ್ನು. ಈ ಹೆಂಗಸಿನ ಬೆರಳು ಮಾತ್ರ ಒಂದು ಕೂದಲೆಳೆ ಹಿಂದೆ, ಒಂದು ಕೂದಲೆಳೆ ಮುಂದೆ ಹೋಗುತ್ತಿತ್ತು. ಉಸಿರು ಕೂಡ ಅವರ ಅಪ್ಪಣೆ ಕೇಳಿ ಬರುತ್ತಿತ್ತು. ಹೊರಗೆ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹಾಕುವುದನ್ನು ಬಿಟ್ಟವು, ಗೋಡೆಯ ಗಡಿಯಾರ ಮುಳ್ಳನ್ನು ಎತ್ತಿ ಹಿಡಿದು ನಿಂತಿತು.

ಮೂರನೇ ಸಲ ಡಾಕ್ಟರು ಕಣ್ಣು ಮುಚ್ಚಿದರು. ನೋಡುವುದಕ್ಕೆ ಇನ್ನೇನೂ ಇರಲಿಲ್ಲ, ಬೆರಳಿಗೇ ಗೊತ್ತಾಗಬೇಕಿತ್ತು. ಒಂದು ಸಣ್ಣ ಕಿರಿಕಿರಿ ಸದ್ದು, ಮರಳಿನ ಮೇಲೆ ಏಡಿ ನಡೆದಷ್ಟು.

ಆಮೇಲೆ ನಳಿಗೆಯ ತುದಿಯಿಂದ ಕೆಂಪು ನೀರು ಬಂತು. ಹನಿಯಾಗಿ, ಆಮೇಲೆ ಧಾರೆಯಾಗಿ. ಬಟ್ಟಲು ತುಂಬಿತು, ಇನ್ನೊಂದು ಬಟ್ಟಲು ಬಂತು. ಹಾಲಾಡಿ ಹೊಳೆಯೇ ದಾರಿ ತಪ್ಪಿ ಈ ಬೆಕ್ಕಿನೊಳಗೆ ಸೇರಿತ್ತೋ ಎಂಬಂತೆ ಬಂತು. ಗಟ್ಟಿ ಗುಂಡು ಕರಗಿ ಹೊಟ್ಟೆ ಮೆತ್ತಗಾಯಿತು. ಪರದೆಯ ಮೇಲಿನ ಗೆರೆ ಒಂದೊಂದಾಗಿ ಹತ್ತಿರ ಬಂದು, ತಡವರಿಸಿ, ಕೊನೆಗೆ ಹದಕ್ಕೆ ಬಿದ್ದು ಕುಣಿಯತೊಡಗಿತು.

ಬೆಕ್ಕಿನ ಉಚ್ಚೆ ಕಂಡು ಒಬ್ಬ ಗಂಡಸು ಕೈ ಮುಗಿದದ್ದು ಕುಂದಾಪುರ ತಾಲೂಕಿನಲ್ಲಿ ಅದೇ ಮೊದಲು.

ಡಾಕ್ಟರು ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟು ತಿಮ್ಮನನ್ನು ಕರೆದರು. ಅವನು ಒಂದು ಕಣ್ಣಿಟ್ಟ. ಒಳಗೆ ಗಾಜಿನ ಊರು. ಮೂಲೆ ಕೊಯ್ದ ಪೆಟ್ಟಿಗೆಗಳು, ಹರಳಿನ ಛಾವಣಿಗಳು, ಒಂದರ ಪಕ್ಕ ಒಂದು ಫಳಫಳ ಹೊಳೆಯುತ್ತಿದ್ದವು. ಬಸ್ರೂರಿನ ಹಳೆಯ ಕಾಲದ ವ್ಯಾಪಾರಿಗಳೆಲ್ಲ ಸೇರಿ ತಂದರೂ ಇಷ್ಟು ವಜ್ರ ಸಿಗುತ್ತಿರಲಿಲ್ಲ.

"ಇಷ್ಟ್ ಚಂದದ್ದ್ ಕೊಲ್ಲತ್ತಾ ಅಮ್ಮ?"

"ಚಂದ ಇತ್ತ್, ಜೀವ ತೆಗಿತ್ತ್. ಈ ಹರಳೆಲ್ಲ ಸೇರಿ ದಾರಿ ಮುಚ್ಚಿದ್ದ್."

ತಿಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ. ಆಮೇಲೆ ಕೇಳಿದ. "ನಾ ಕೊಟ್ಟ ಉಂಡೆಯಿಂದ ಆದ್ದಾ?"

"ಉಂಡೆಯಿಂದ ಬಂದ ರೋಗ ಅಲ್ಲ. ಆದ್ರೆ ಉಂಡೆ ಮಾಡ್ತಾ ಕಳ್ದ್ರಲ್ದಾ ಹೊತ್ತ್, ಅದ್ ಇದಕ್ಕೆ ಇಲ್ಲದ ಹೊತ್ತ್. ಇನ್ನೊಂದ್ ಗಂಟಿ ತಡ ಆಗಿದ್ರೆ ನನ್ ಕೈಯಲ್ಲೂ ಎಂತ ಇರ್ಲಿಲ್ಲೆ. ಮತ್ತೊಂದ್, ಮನುಷ್ಯರ ಗಂಟ್ಲಿನ್ ಮುಳ್ಳಿಗೂ ಉಂಡೆ ತುರ್ಕುದ್, ಗುದ್ದುದ್ ಎಲ್ಲ ಬ್ಯಾಡ. ಅವ್ರನ್ನೂ ಡಾಕ್ಟ್ರ ಹತ್ರ ಕಳ್ಸಿ."

ಬಾಗಿ ಮೆಲ್ಲನೆ ಗುಳಿಗೆಯ ವಿಷಯ ಹೇಳಿದಳು. ಡಾಕ್ಟರು ತಲೆ ಎತ್ತಿದರು. "ಪ್ಯಾರಾಸಿಟಮಾಲ್ ಕೊಟ್ಟಿದ್ರ್ಯಾ?"

"ಇಲ್ಲೆ, ಬಿದ್ದ್ ಹೋಯ್ತ್."

"ಒಳ್ಳೇದಾಯ್ತ್. ನಮ್ಗೆ ಅದ್ ಜ್ವರದ ಮದ್ದ್, ಬೆಕ್ಕಿಗೆ ವಿಷ. ಅರ್ಧ ಗುಳಿಗಿ ಸಾಕ್ ಕೊಲ್ಲುಕೆ. ನಮ್ ಡಬ್ಬಿಯ ಯಾವ ಗುಳಿಗಿಯನ್ನೂ ಬೆಕ್ಕಿಗೆ ಕೊಡುಕಾಗ."

"ಒಣಮೀನ್ ತಿಂದೇ ಹೀಂಗಾದ್ದಾ?" ಧನ್ಯಶ್ರೀ ಕೇಳಿದಳು.

"ಅದೊಂದೇ ಅಂತ ಹೇಳುಕಾತಿಲ್ಲೆ. ನೀರ್ ಕುಡೂದ್ ಕಮ್ಮಿ, ಒಣ ತಿಂಡಿ ಜಾಸ್ತಿ, ಮೈ ದಪ್ಪ, ಮತ್ತೆ ಗಂಡ್ ಬೆಕ್ಕ್. ಎಲ್ಲ ಸೇರಿ ಆಪ್ದ್. ಹೆಣ್ಣ್ ಬೆಕ್ಕಿಗೂ ಉಚ್ಚಿ ತೊಂದ್ರೆ ಬತ್ತ್, ಆದ್ರೆ ಅದ್ರ ದಾರಿ ಅಗಲ, ಹೀಂಗೆ ಕಟ್ಟುದ್ ಅಪರೂಪ."

ಮೂರು ದಿನ ತಾಂಡೇಲ ಆಸ್ಪತ್ರೆಯಲ್ಲೇ ಇದ್ದ. ನಳಿಗೆ ಕಚ್ಚಿ ತೆಗೆಯದಂತೆ ಕುತ್ತಿಗೆಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು, ಧ್ವನಿವರ್ಧಕದ ಒಳಗೆ ಕೂತ ರಾಜಕಾರಣಿಯಂತೆ ಕಾಣುತ್ತಿದ್ದ. ತಿಮ್ಮ ದಿನಾ ಹೋಗಿ ಬರುತ್ತಿದ್ದ. ಎರಡನೇ ದಿನ ರಕ್ತದ ಪರೀಕ್ಷೆಯಲ್ಲಿ ಮೂತ್ರಪಿಂಡ ಚೇತರಿಸುತ್ತಿದೆ ಎಂದು ಬಂತು. ನಾಲ್ಕನೇ ದಿನ ನಳಿಗೆ ತೆಗೆದರು. ತಾನಾಗಿ ಹೊಯ್ದದ್ದನ್ನು ನೋಡಿದ ಮೇಲೆಯೇ ಮನೆಗೆ ಕಳಿಸಿದರು.

ಕಳಿಸುವಾಗ ಡಾಕ್ಟರು ಹೇಳಿದ್ದು ಬಾಗಿಗೆ ಬಾಯಿಪಾಠ. ಉಪ್ಪು ಹಾಕಿದ ಒಣಮೀನು ಇನ್ನಿಲ್ಲ. ಡಾಕ್ಟರು ಬರೆದುಕೊಟ್ಟ ಆಹಾರ, ಅದನ್ನೂ ನೀರು ಬೆರೆಸಿ ಹಸಿಯಾಗಿ. ಮನೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಬಟ್ಟಲು ನೀರು, ದಿನಾ ಬದಲಿಸಬೇಕು. ಮೈ ಮೆಲ್ಲ ಮೆಲ್ಲ ಇಳಿಯಬೇಕು. ಈ ರೋಗ ಒಮ್ಮೆ ಬಂದರೆ ಮತ್ತೆ ಬರಬಹುದು, ಮೊದಲ ಕೆಲವು ವಾರ ದಿನಾ ನೋಡಲೇಬೇಕು.

ನೋಡುವುದು ಹೇಗೆ? ತಿಮ್ಮ ಮೀನಿನ ಹಳೆಯ ಕ್ರೇಟಿಗೆ ತಳದಲ್ಲಿ ರಟ್ಟು ಹಾಕಿ, ಒಣ ಮರಳು ತುಂಬಿ, ಮನೆಯ ಮಾಡಿನ ಕೆಳಗೆ ಇಟ್ಟ. ಶನಿವಾರ ಬೆಳಗ್ಗೆ ತಾಂಡೇಲ ಅದರೊಳಗೆ ಇಳಿದ. ಸುದ್ದಿ ಹೇಗೆ ಹಬ್ಬಿತೋ, ಅರ್ಧ ಕೋಡಿ ಅಂಗಳದಲ್ಲಿತ್ತು. ದೋಣಿ ಹೊರಟವರು ಹಿಂದೆ ಬಂದರು. ಕಿಟ್ಟ ಮುಂದಿನ ಸಾಲಿನಲ್ಲೇ ನಿಂತಿದ್ದ.

ತಾಂಡೇಲ ಕೆದಕಿದ. ಕೂತ. ದೂರಕ್ಕೆ ನೋಡಿದ.

"ಹೊಯ್ತಾ?" ಪಿಸುಗುಟ್ಟಿದ ಕಿಟ್ಟ.

"ಬಾಯಿ ಮುಚ್ಚ್. ಅದ್ಕೆ ನಾಚ್ಕಿ ಆತ್ತ್" ಎಂದಳು ಬಾಗಿ.

ತಾಂಡೇಲ ಎದ್ದ, ಮರಳು ಮುಚ್ಚಿದ, ಯಾರನ್ನೂ ಲೆಕ್ಕಿಸದೆ ನಡೆದ. ತಿಮ್ಮ ಮಂಡಿಯೂರಿ ಮರಳಿಗೆ ಬೆರಳು ಇಳಿಸಿದ. ಎತ್ತಿ ತೋರಿಸಿದ. ಬೆರಳಿಗೆ ಒದ್ದೆ ಮರಳು ಅಂಟಿತ್ತು, ದೊಡ್ಡ ನಿಂಬೆಹಣ್ಣಿನಷ್ಟು ಮುದ್ದೆ. ಆಗ ಎದ್ದ ಗದ್ದಲಕ್ಕೆ ಬೈಂದೂರಿನವರು ಯಾರೋ ಚುನಾವಣೆ ಗೆದ್ದರೆಂದುಕೊಂಡು ಪಟಾಕಿ ತೆಗೆದರು.

ಕಿಟ್ಟ ಮಾತ್ರ ನಗಲಿಲ್ಲ. ಅವನು ತಿಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. "ತಿಮ್ಮಣ್ಣ, ನಮ್ಮನಿ ಕರಿ ಬೆಕ್ಕ್ ಇತ್ತಲೆ. ನಿನ್ನೆ ಸಂಜಿಂದ ಉಣ್ತಿಲ್ಲೆ. ತೊಟ್ಟಿಯ ಮೂಲೆಯಂಗೆ ಕೂತ್ ಕೂತ್ ಏಳ್ತಿತ್ತ್. ನಾ ಮುಳ್ಳ್ ಅಂದ್ಕಂಡಿದ್ದೆ."

ತಿಮ್ಮ ಬೆರಳಿನ ಮರಳು ಒರೆಸಿಕೊಂಡ. "ಗಂಡಾ ಹೆಣ್ಣಾ?"

"ಗಂಡ್."

"ಚಂದ್ರ!" ಎಂದು ಕೂಗಿದ ತಿಮ್ಮ. ಆ ಕೂಗಿಗೆ ರಿಕ್ಷಾ ತಾನಾಗಿಯೇ ಸ್ಟಾರ್ಟ್ ಆಯಿತು. "ಧನ್ಯ, ಡಾಕ್ಟ್ರಿಗ್ ಫೋನ್ ಮಾಡ್ ಮಗಾ. ಕಿಟ್ಟ, ಹೊಟ್ಟಿ ಮುಟ್ಬೇಡ, ಬಾಯಿಗ್ ಎಂತದೂ ಹಾಕ್ಬೇಡ, ಕ್ರೇಟ್ ತಕಂಡ್ ಓಡ್!"

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕುಂದಾಪುರದವರಿರಲಿ, ಬೈಂದೂರು, ಬ್ರಹ್ಮಾವರದವರಿರಲಿ, ನಿಮ್ಮ ಮನೆಯ ಬೆಕ್ಕು ಇವತ್ತು ಉಚ್ಚೆ ಹೊಯ್ದಿದೆಯೇ? ಗೊತ್ತಿಲ್ಲದಿದ್ದರೆ ಒಂದು ಹಳೆಯ ಕ್ರೇಟಿಗೋ ಬೋಗುಣಿಗೋ ಒಣ ಮರಳು ತುಂಬಿ ಇಟ್ಟು ನೋಡಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಏಳುತ್ತಿದ್ದರೆ, ಕೂಗುತ್ತಿದ್ದರೆ, ಅಲ್ಲೇ ನೆಕ್ಕಿಕೊಳ್ಳುತ್ತಿದ್ದರೆ, ರಕ್ತದ ಹನಿ ಕಂಡರೆ, ಅದು ನಾಳೆಗೆ ಬಿಡುವ ಕೆಲಸವಲ್ಲ, ಊಟವಾದ ಮೇಲಿನ ಕೆಲಸವೂ ಅಲ್ಲ. ಮನೆಮದ್ದು ಬೇಡ, ಹೊಟ್ಟೆ ಒತ್ತುವುದು ಬೇಡ, ನಿಮ್ಮ ಗುಳಿಗೆ ಖಂಡಿತ ಬೇಡ. ಯಾವ ಬೆಕ್ಕೇ ಆಗಲಿ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ. ಹೋದಾಗ ಲಸಿಕೆಯನ್ನೂ ಕೇಳಿ ಹಾಕಿಸಿ. ನಿಮ್ಮೂರಿನ ಪಶುಸಖಿಯ ಫೋನ್ ನಂಬರು ಗೋಡೆಯ ಮೇಲೆ ಬರೆದಿಡಿ.

ಈ ಕಥೆಯ ಬೇರೆ ಮಾತುಗಳಿಗೆ ಒಗ್ಗರಣೆ ಸ್ವಲ್ಪ ಹೆಚ್ಚಾಗಿದ್ದರೆ ಕಡಲ ಗಾಳಿಯ ಗುಣ ಎಂದುಕೊಳ್ಳಿ. ಉಚ್ಚೆ ಕಟ್ಟಿದ ಗಂಡು ಬೆಕ್ಕಿಗೆ ಒಂದೆರಡು ದಿನವಷ್ಟೇ ಆಯುಸ್ಸು ಎಂಬ ಮಾತಿಗೆ ಮಾತ್ರ ಒಗ್ಗರಣೆ ಹಾಕಿಲ್ಲ. ಈಗ ಈ ಹಾಳೆಯನ್ನು ಕೆಳಗಿಡಿ, ಎದ್ದು ಹೋಗಿ ನಿಮ್ಮ ಬೆಕ್ಕನ್ನು ನೋಡಿ ಬನ್ನಿ.